ಲಾರೆನ್ಸ್ ಕ್ರಾಸ್ತಾರ ಬೇರೆ ಒಲೆ

ಲಾರೆನ್ಸ್ ಕ್ರಾಸ್ತಾ ಅವರು ನನ್ನನ್ನು ಮೊದಲ ಸಲ ಕಂಡಾಗ, ಕುದಿಯುತ್ತಿದ್ದ ಕೆಟಲನ್ನು ಒಲೆಯಿಂದ ಇಳಿಸಿ ಬೋಟಿನ ಕಿಟಕಿಗೆ ಪರದೆ ಎಳೆದರು. ನಾನು ಆಗ ಬೋಟುಗಳನ್ನು ಕಟ್ಟುವ ಮರೀನಾದ ಹಲಗೆಯ ಮೇಲೆ ಮಂಡಿಯೂರಿ, ಉದ್ದ ಕೋಲಿಗೆ ಸಿಕ್ಕಿಸಿದ ಬಾಟಲಿಯನ್ನು ನೀರಿಗಿಳಿಸುತ್ತಿದ್ದೆ. ಸಿಯಾಟಲ್ ಪಕ್ಕದ ಲೇಕ್ ವಾಷಿಂಗ್ಟನ್ ದಡದ ನೀರನ್ನು ಹಿಡಿದು ತಂದು, ಅದರಲ್ಲಿ ರೋಗಾಣು ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ಕೈಗವಸು, ಐಸ್ ಪೆಟ್ಟಿಗೆ, ಕೊರಳಲ್ಲಿ ಗುರುತಿನ ಕಾರ್ಡು. ಗೊತ್ತಿಲ್ಲದವರ ಕಣ್ಣಿಗೆ ಇದು ಪೊಲೀಸ್ ತಪಾಸಣೆಯಂತೆಯೇ ಕಾಣುತ್ತದೆ.

ಪರದೆಯ ಹಿಂದೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ ದನಿ ಕೇಳಿಸಿತು. "ಒಬ್ರು ಹೆಂಗಸು ಬಂದಿದ್ದಾರೆ ಮಾರಾಯ. ನನ್ನ ಬೋಟಿನ ಬುಡದಲ್ಲೇ ನೀರು ಹಿಡೀತಾ ಇದ್ದಾರೆ. ಇಷ್ಟು ದೊಡ್ಡ ಕೆರೆಯಲ್ಲಿ ಬೇರೆ ಜಾಗವೇ ಸಿಗ್ಲಿಲ್ವಾ ಇವರಿಗೆ?"

ಕರಾವಳಿಯ ಕನ್ನಡ. ನನಗೆ ಖುಷಿಯಾಯಿತು. "ನೀರಿನ ಟೆಸ್ಟಿಗೆ ಅಷ್ಟೇ ಸರ್. ಎಲ್ಲಾ ಕಡೆನೂ ತಗೋತೀವಿ," ಎಂದು ಕೂಗಿ ಹೇಳಿದೆ.

ಪರದೆ ಸರಿಯಿತು. ನರೆತ ಗಡ್ಡದ, ಎಡಭುಜ ಸ್ವಲ್ಪ ಇಳಿದಂತಿದ್ದ ದೊಡ್ಡಾಳು ಹೊರಗೆ ಬಂದರು. ಭಾಷೆ ಸಿಕ್ಕಿತೆಂಬ ಸಂತೋಷ ಆ ಮುಖದಲ್ಲಿ ಇರಲಿಲ್ಲ.

"ಕನ್ನಡದವರನ್ನೇ ಹುಡುಕಿ ಕಳಿಸಿದ್ದಾರೆ," ಅಂದರು.

"ಯಾರು ಕಳಿಸ್ತಾರೆ ಸರ್?"

"ಅದನ್ನು ನೀವು ಹೇಳ್ಬೇಕು."

ನಾನು ಬಾಟಲಿಯ ಮುಚ್ಚಳ ಬಿಗಿದು, ಮೇಲೆ ಸ್ಥಳದ ಹೆಸರು ಬರೆದೆ. ಅವರು ಬಗ್ಗಿ ಅದನ್ನು ಓದಿದರು. ತಮ್ಮ ಬೋಟಿನ ಹೆಸರು ಅದರಲ್ಲಿ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಹೋದರು. ಪರದೆ ಮಾತ್ರ ಮತ್ತೆ ಬಿತ್ತು.

ಅವರ ಭಯಕ್ಕೆ ಕಾರಣ ಆಮೇಲೆ ತಿಳಿಯಿತು. ಆ ಮರೀನಾದಲ್ಲಿ ಬೋಟು ಕಟ್ಟಬಹುದು, ತೊಳೆಯಬಹುದು, ಸಂಜೆಯವರೆಗೆ ಕೂತು ಓದಬಹುದು. ಆದರೆ ಅದರಲ್ಲೇ ಸಂಸಾರ ಹೂಡಿ ಬದುಕಲು ಬೇರೆ ಅನುಮತಿ ಬೇಕು. ಅಂಥ ಜಾಗಗಳು ಕೆಲವೇ. ಅವು ಖಾಲಿಯಾಗುವುದೆಂದರೆ ಯಾರಾದರೂ ತೀರಿಕೊಳ್ಳಬೇಕು. ಹಾಗಾಗಿ ಅನುಮತಿಯಿಲ್ಲದೆ, ಸದ್ದಿಲ್ಲದೆ ಬದುಕುವವರು ಪ್ರತಿಯೊಂದು ಮರೀನಾದಲ್ಲೂ ಇರುತ್ತಾರೆ. ಲಾರೆನ್ಸ್ ಅವರಲ್ಲೊಬ್ಬರು. ಬಟ್ಟೆ ಹೊರಗೆ ಒಣಹಾಕುತ್ತಿರಲಿಲ್ಲ. ಬೆಳಗ್ಗೆ ಕಾರಿನ ಕೀಲಿ ಕೈಯಲ್ಲಿ ಹಿಡಿದು, ಈಗತಾನೇ ಎಲ್ಲಿಂದಲೋ ಬಂದವರಂತೆ ಗೇಟಿನ ಹತ್ತಿರ ಒಂದು ಸುತ್ತು ಹಾಕುತ್ತಿದ್ದರು. ಎಲ್ಲಕ್ಕಿಂತ ಕಷ್ಟದ್ದು ಅಡಿಗೆ. ಗಂಗೊಳ್ಳಿಯಲ್ಲಿ ಹುಟ್ಟಿ, ನೀರಿನ ಮೇಲೆಯೇ ಬದುಕುತ್ತಿದ್ದ ಮನುಷ್ಯ ವರ್ಷಗಟ್ಟಲೆ ಒಂದು ಮೀನು ಹುರಿದಿರಲಿಲ್ಲ. ಒಗ್ಗರಣೆಯನ್ನೂ ಹಾಕಿರಲಿಲ್ಲ. ವಾಸನೆ ಹಲಗೆಯುದ್ದಕ್ಕೂ ಹೋಗಿ ತಮ್ಮ ಗುಟ್ಟು ಹೇಳುತ್ತದೆಂದು.

ಅವರ ತಂದೆ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದವರು. ಕಂಪ್ರೆಸರಿನ ಸದ್ದು ಕೇಳಿಯೇ ಅದರ ರೋಗ ಹೇಳುವುದನ್ನು ಮಗ ಅಲ್ಲಿ ಕಲಿತ. ಆ ವಿದ್ಯೆ ಅವರನ್ನು ಮೊದಲು ಕುವೈತಿಗೆ, ಅಲ್ಲಿಂದ ಹಡಗುಗಳಿಗೆ, ಕೊನೆಗೆ ಸಿಯಾಟಲ್‌ನಿಂದ ಅಲಾಸ್ಕಾಗೆ ಮೀನು ಹಿಡಿಯಲು ಹೋಗುವ ದೊಡ್ಡ ಹಡಗುಗಳ ಶೀತಲಕೋಣೆಗಳಿಗೆ ಒಯ್ದಿತು. ಹೆಂಡತಿ ಲಿಲ್ಲಿ ಪಕ್ಕದ ಬೆಲ್ವ್ಯೂ ಊರಿನಲ್ಲಿ ಮಕ್ಕಳ ಡೇಕೇರಿನಲ್ಲಿ ದುಡಿದರು. ಇಬ್ಬರೂ ಇಲ್ಲಿನ ಪೌರತ್ವ ತೆಗೆದುಕೊಂಡು ಅಲ್ಲಿನ ಕ್ರಾಸ್‌ರೋಡ್ಸ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದರು. ಲಿಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಮೇಲೊಂದು ಸಲ ಮಂಜು ಹೆಪ್ಪುಗಟ್ಟಿದ ಹಡಗಿನ ಹಲಗೆಯ ಮೇಲೆ ಲಾರೆನ್ಸ್ ಜಾರಿಬಿದ್ದರು. ಭುಜ ಕೂಡಿತು, ಆದರೆ ಕೈ ತಲೆಯ ಮೇಲಕ್ಕೆ ಏಳಲಿಲ್ಲ. ಕೈ ಎತ್ತಲಾಗದವನಿಗೆ ಹಡಗಿನಲ್ಲಿ ಕೆಲಸವಿಲ್ಲ. ಬಾಡಿಗೆ ಏರುತ್ತಲೇ ಇತ್ತು. ಪರಿಚಯದ ಮೀನುಗಾರನೊಬ್ಬ ಮಾರಲಿಟ್ಟಿದ್ದ ಹಳೆಯ ಬೋಟನ್ನು ಕೊಂಡು, ಮನೆಯ ಸಾಮಾನು ಹಂಚಿ, ನೀರಿಗಿಳಿದರು. ಇದಿಷ್ಟನ್ನೂ ಅವರು ನನಗೆ ಒಂದೇ ಸಲ ಹೇಳಲಿಲ್ಲ. ಪ್ರತಿ ಬಾರಿ ಒಂದೊಂದು ತುಂಡು, ಅದೂ "ಇದನ್ನೆಲ್ಲಾ ಬರ್ಕೊಳ್ತೀರಾ?" ಎಂದು ಕೇಳಿದ ಮೇಲೆ.

ಅವರು ಬದುಕುತ್ತಿದ್ದದ್ದು ಫುಡ್ ಸ್ಟ್ಯಾಂಪಿನಿಂದ. ಹೆಸರು ಸ್ಟ್ಯಾಂಪ್ ಎಂದಿದ್ದರೂ ಈಗ ಅದೊಂದು ಕಾರ್ಡು. ತಿಂಗಳಿಗೊಮ್ಮೆ ಸರಕಾರ ಅದಕ್ಕೆ ಹಣ ತುಂಬುತ್ತದೆ. ಅದರಿಂದ ಅಕ್ಕಿ, ಬೇಳೆ, ತರಕಾರಿ ಕೊಳ್ಳಬಹುದು. ಅರ್ಜಿಯಲ್ಲಿ ವಾಸದ ವಿಳಾಸ ಕೇಳಿದಾಗ ಅವರು ಮರೀನಾದ ಹೆಸರು ಬರೆಯಲಿಲ್ಲ. ಬರೆದರೆ, ಇಲ್ಲಿ ಮಲಗುತ್ತೇನೆಂದು ತಾವೇ ಸಹಿ ಹಾಕಿ ಕೊಟ್ಟಂತೆ. ಹಳೆಯ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರಾಗಿದ್ದ ಜಾನಕಿ ಮತ್ತು ಬದರಿನಾಥರ ವಿಳಾಸ ಬರೆದರು. ಲಾರೆನ್ಸರ ಅಂಚೆಯೆಲ್ಲ ಆಗಲೇ ಅಲ್ಲಿಗೇ ಬರುತ್ತಿತ್ತು. ಊರಿನಲ್ಲಿ ಎಷ್ಟೋ ಜನ ಕೇರ್ ಆಫ್ ಎಂದು ಬರೆಸಿಕೊಂಡು ಒಂದು ಜನ್ಮ ಕಳೆಯುವುದಿಲ್ಲವೇ?

ಜಾನಕಿಯವರ ಮನೆ ನಾನಿರುವ ಕಟ್ಟಡದಲ್ಲೇ ಇದೆ. ಮೈಸೂರಿನವರು, ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದವರು. ಒಂದು ಶನಿವಾರ ಮೊಸರಿಗೆ ಹೆಪ್ಪು ಕೇಳಿಕೊಂಡು ಹೋದಾಗ ಸೋಫಾದಲ್ಲಿ ಲಾರೆನ್ಸ್ ಕೂತಿದ್ದರು, ಮಡಿಲಲ್ಲಿ ಅಂಚೆಯ ಕಟ್ಟು. ನನ್ನನ್ನು ಕಂಡು ಎದ್ದೇ ನಿಂತರು.

"ಇಲ್ಲಿಗೂ ಬಂದ್ರಾ?"

"ನಾನು ಮೇಲಿನ ಫ್ಲೋರಲ್ಲಿ ಇರೋದು ಸರ್."

"ಅಯ್ಯೋ, ಇವ್ಳು ಯಾಮಿನಿ, ನಮ್ಮ ಹುಡುಗಿ," ಅಂದರು ಜಾನಕಿ. "ಕೂತ್ಕೊಳ್ಳಿ ಲಾರೆನ್ಸ್ ಅವ್ರೇ. ಬಿಸಿಬೇಳೆಬಾತ್ ಡಬ್ಬಿಗೆ ಹಾಕಿದೀನಿ. ಬೇಡ ಅನ್ನಬೇಡಿ."

ಲಾರೆನ್ಸ್ ಡಬ್ಬಿ ತೆಗೆದುಕೊಂಡರು. ಹೋಗುವಾಗ ಬಾಗಿಲಲ್ಲಿ ನನಗಷ್ಟೇ ಕೇಳುವಂತೆ, "ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಬರ್ಲಿಲ್ಲ, ಹೇಳಿಬಿಡ್ತೇನೆ," ಅಂದರು. ಮುಖದ ಮೇಲೆಯೇ ಅನುಮಾನಿಸುವವರು ನನಗೆ ಇಷ್ಟ. ನಾವಿಬ್ಬರೂ ಸ್ನೇಹಿತರಾದದ್ದು ಹೀಗೆ.

ಚಳಿಗಾಲ ಶುರುವಾಗುವ ಹೊತ್ತಿಗೆ ಅವರ ಕಾರ್ಡು ಖಾಲಿಯಾಯಿತು. ಹೊಸ ತಿಂಗಳ ಹಣ ಬೀಳಲಿಲ್ಲ. ಕಚೇರಿಗೆ ಫೋನ್ ಮಾಡಿದಾಗ ಬಂದ ಉತ್ತರ: ನಿಮ್ಮ ಕುಟುಂಬದ ಆದಾಯ ಮಿತಿಗಿಂತ ಬಹಳ ಹೆಚ್ಚಿದೆ, ಈವರೆಗೆ ಪಡೆದದ್ದರ ವಿಚಾರಣೆಯೂ ಆಗಬಹುದು.

"ಕುಟುಂಬ ಎಲ್ಲುಂಟು ಮಾರಾಯ್ರೆ?" ಅಂದರು ನನಗೆ, ಹಲಗೆಯ ಮೇಲೆ ನಿಂತು. "ಲಿಲ್ಲಿ ಹೋಗಿ ಎಷ್ಟು ಕಾಲ ಆಯ್ತು. ಯಾರೋ ನನ್ನ ಮೇಲೆ ಹೇಳಿಕೊಟ್ಟಿದ್ದಾರೆ."

ಆ ವಾರದಿಂದ ಲಾರೆನ್ಸ್ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಪಕ್ಕದ ಹಾಯಿದೋಣಿಯ ಮುದುಕನ ಹತ್ತಿರ ದುರ್ಬೀನು ಇತ್ತು. ಆತ ನೋಡುತ್ತಿದ್ದದ್ದು ಹಕ್ಕಿಗಳನ್ನು, ಆದರೆ ಹಕ್ಕಿಗಳು ಲಾರೆನ್ಸರ ಬೋಟಿನ ಮೇಲೂ ಕೂರುತ್ತಿದ್ದವು. ಮರೀನಾದ ಮ್ಯಾನೇಜರ್ ಇತ್ತೀಚೆಗೆ ಅವರನ್ನು ಕಂಡಾಗಲೆಲ್ಲ ಜಾಸ್ತಿ ನಗುತ್ತಿದ್ದಳು. ಬದರಿನಾಥರು ಹೋದ ಶನಿವಾರ ಬಾಗಿಲು ತೆರೆದು, ಒಳಗೆ ಬನ್ನಿ ಅನ್ನದೆ ಅಂಚೆಯ ಕಟ್ಟನ್ನು ಕೈಗೆ ಕೊಟ್ಟಿದ್ದರು. ಆ ಲೆಕ್ಕದಲ್ಲಿ ಕೊನೆಯವಳು ನಾನು.

"ನಾನು ಯಾಕೆ ಹೇಳ್ಲಿ?" ಅಂದೆ.

"ನೀವು ಎಲ್ಲವನ್ನೂ ಬಾಟಲಿಯಲ್ಲಿ ಹಾಕಿ ಹೆಸರು ಬರೀತೀರಿ. ಅದಕ್ಕೆ."

ನಿಜ ಹೇಳಬೇಕೆಂದರೆ ನನಗೂ ಅವರ ಮೇಲೆ ಅನುಮಾನವಿತ್ತು. ಬೋಟಿನ ಒಡೆಯ, ಸರಕಾರದ ಅಕ್ಕಿ, ಬೇರೆಯವರ ವಿಳಾಸ. ಮೂರನ್ನೂ ಜೊತೆಗಿಟ್ಟರೆ ಯಾರಿಗಾದರೂ ಬರುವ ಅನುಮಾನ ಅದು. ಗೊತ್ತಿಲ್ಲದ್ದನ್ನು ಊಹಿಸುವುದಕ್ಕಿಂತ ನಿಯಮವನ್ನೇ ಓದೋಣವೆಂದು ಕೂತೆ. ಬೋಟು ಅಡ್ಡಿಯಲ್ಲ, ಅದರಲ್ಲೇ ಬದುಕುವವನಿಗೆ ಅದು ಆಸ್ತಿಯಲ್ಲ, ಮನೆ. ಇನ್ನೊಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. ಈ ಯೋಜನೆಯಲ್ಲಿ ಕುಟುಂಬವೆಂದರೆ ರಕ್ತಸಂಬಂಧವಷ್ಟೇ ಅಲ್ಲ. ಒಂದೇ ಮನೆಯಲ್ಲಿದ್ದು, ಒಟ್ಟಿಗೆ ದಿನಸಿ ತಂದು ಒಟ್ಟಿಗೆ ಬೇಯಿಸಿ ಉಣ್ಣುವವರೆಲ್ಲ ಒಂದು ಕುಟುಂಬ. ನಮ್ಮಲ್ಲಿ ರೇಷನ್ ಕಾರ್ಡಿಗೆ ಬರುವವನು ಅಡಿಗೆಮನೆಗೆ ಇಣುಕಿ ಒಲೆ ಎಷ್ಟಿವೆ ಎಂದು ನೋಡುತ್ತಾನಲ್ಲ, ಅದೇ ಲೆಕ್ಕ. ಅಂದರೆ ಕಚೇರಿಯವರು ಲಾರೆನ್ಸರನ್ನು ಜಾನಕಿಯವರ ಒಲೆಗೆ ಸೇರಿಸಿದ್ದರು. ಯಾಕೆ?

ಉತ್ತರ ಜಾನಕಿಯವರೇ ಕೊಟ್ಟರು, ನಾನು ಕೇಳುವ ಮೊದಲೇ, ಹೆಮ್ಮೆಯಿಂದ. ಅಂದು ಲಾರೆನ್ಸ್ ಕೂಡ ಅಲ್ಲಿದ್ದರು.

"ಆ ಆಫೀಸಿನವನು ಯಾರೋ ಕಾಲ್ ಮಾಡಿದ್ದ ಲಾರೆನ್ಸ್ ಅವ್ರೇ, ಹೋದ ತಿಂಗಳು. ಈ ಮನುಷ್ಯ ಇಲ್ಲಿದಾರಾ, ನಿಮಗೇನಾಗಬೇಕು, ಊಟ ಎಲ್ಲಿ ಮಾಡ್ತಾರೆ ಅಂತೆಲ್ಲಾ ಕೇಳ್ದ. ದನಿಯಲ್ಲೇ ಗೊತ್ತಾಯ್ತು, ಏನೋ ಡೌಟು ಅವನಿಗೆ. ನಾನು ಬಿಟ್ಟುಕೊಡ್ತೀನಾ? ಇದಾರೆ, ನಮ್ಮ ಮನೆಯವರೇ, ನನ್ನ ಸ್ವಂತ ಅಣ್ಣ ಇದ್ದ ಹಾಗೆ, ಊಟ ತಿಂಡಿ ಎಲ್ಲಾ ಇಲ್ಲೇ, ನಾವೆಲ್ಲಾ ಒಟ್ಟಿಗೇ ಅಂದೆ. ಬಾಯಿ ಮುಚ್ಕೊಂಡು ಫೋನ್ ಇಟ್ಟ!"

ಲಾರೆನ್ಸ್ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು.

"ಜಾನಕಿಯಕ್ಕ," ಅಂದರು ಲಾರೆನ್ಸ್, ತೀರಾ ನಿಧಾನವಾಗಿ. ತಮಗಿಂತ ಚಿಕ್ಕವರನ್ನೂ ಅವರು ಅಕ್ಕ ಅನ್ನುತ್ತಿದ್ದರು. "ನಾನು ನಿಮ್ಮಲ್ಲಿ ದಿನಾ ಊಟ ಮಾಡ್ತೇನಾ?"

"ಮಾಡಲ್ಲ. ಅದಕ್ಕೆ ಹಾಗಂತ ಹೇಳೋಕಾಗುತ್ತಾ? ಒಬ್ಬ ಹೊರಗಿನವನ ಹತ್ರ, ಅವರಿಗೂ ನಮಗೂ ಸಂಬಂಧ ಇಲ್ಲ, ಅವರ ಊಟ ಅವರು ನೋಡ್ಕೋತಾರೆ ಅಂತ? ಛೆ!"

ನಾನು ನಿಯಮವನ್ನು ವಿವರಿಸಿದೆ. ಜಾನಕಿಯವರ ಮುಖದ ಬಣ್ಣ ಇಳಿಯಿತು. ಮನೆಯ ಮರ್ಯಾದೆಗೆಂದು ಆಡಿದ ಮಾತನ್ನು ಕಚೇರಿ ಅಕ್ಷರಶಃ ತೆಗೆದುಕೊಂಡು, ಇಬ್ಬರು ಸಾಫ್ಟ್‌ವೇರಿನವರ ಸಂಬಳವನ್ನು ಲಾರೆನ್ಸರ ತಟ್ಟೆಗೆ ಸುರಿದಿತ್ತು.

ಬದರಿನಾಥರು ರೂಮಿನಿಂದ ಹೊರಗೆ ಬಂದರು. ಅವರ ಗ್ರೀನ್ ಕಾರ್ಡಿನ ಅರ್ಜಿ ವರ್ಷಗಳಿಂದ ಸರದಿಯಲ್ಲಿತ್ತು. ಕಾರು ಪಾರ್ಕ್ ಮಾಡುವಾಗಲೂ ಬೋರ್ಡನ್ನು ಎರಡು ಸಲ ಓದುವ ಮನುಷ್ಯ.

"ಲಾರೆನ್ಸ್, ನೀವು ನಮ್ಮ ಅಡ್ರೆಸ್ಸನ್ನ ಅಂಚೆಗೆ ಅಂತ ತಗೊಂಡಿದ್ರಿ. ವಾಸಕ್ಕೂ ಹಾಕಿದ್ರಾ?"

"ಹಾಕಿದ್ದೇನೆ."

"ನಮ್ಮನ್ನ ಕೇಳ್ದೆ?"

ಬದರಿನಾಥರು ಹೆಂಡತಿಯ ಕಡೆ ತಿರುಗಿ, "ನಾಳೆ ನಮ್ಮ ಫೈಲಲ್ಲಿ ಯಾರಾದ್ರೂ ಇದನ್ನ ಎತ್ತಿ ತೋರಿಸಿದ್ರೆ?" ಅಂದರು. ಆಮೇಲೆ ನನ್ನನ್ನೂ ಒಮ್ಮೆ ನೋಡಿದರು. ಅಂದಿನಿಂದ ಆ ಮನೆಯಲ್ಲಿ ಅನುಮಾನ ಪಡದವರು ಯಾರೂ ಉಳಿಯಲಿಲ್ಲ.

ಲಾರೆನ್ಸ್ ಮೇಲ್ಮನವಿ ಹಾಕಿದರು. ಫೋನಿನಲ್ಲಿ ವಿಚಾರಣೆ, ನ್ಯಾಯಾಧೀಶರ ಮುಂದೆ, ಪ್ರಮಾಣ ಮಾಡಿ. ಜಾನಕಿಯವರು ಸಾಕ್ಷಿ. ಗೆದ್ದರೆ ಊಟದ ಕಾರ್ಡು ಉಳಿಯುತ್ತದೆ. ಆದರೆ ಎಲ್ಲಿ ಮಲಗುತ್ತೀರಿ ಎಂದು ಕೇಳುವುದು ಖಂಡಿತ. ನಿಜ ಹೇಳಿದರೆ ಬೋಟು ಕಟ್ಟುವ ಜಾಗ ಹೋದೀತು. ಆ ಜಾಗ ಹೋದರೆ ಅವರಿಗೆ ಮನೆಯೇ ಇಲ್ಲ.

ಜಾನಕಿ ತಾವೇ ಉಪಾಯ ಹುಡುಕಿದರು. "ಚಿಕ್ಕ ರೂಮಲ್ಲಿ ಇದಾರೆ, ಅಡಿಗೆ ಮಾತ್ರ ಬೇರೆ ಅಂತ ಹೇಳ್ತೀನಿ. ಫ್ರಿಜ್ಜಲ್ಲಿ ಒಂದು ಶೆಲ್ಫಿಗೆ ಅವರ ಹೆಸರು ಅಂಟಿಸಿದ್ರಾಯ್ತು. ಬೋಟಿನ ಮಾತೇ ಬೇಡ."

"ಪ್ರಮಾಣ ಮಾಡಿ ಸುಳ್ಳು ಹೇಳ್ತೀಯಾ?" ಅಂದರು ಬದರಿನಾಥರು.

"ಮೊದಲು ಹೇಳಿದ್ದು ನಾನೇ ತಾನೇ? ನನ್ನಿಂದ ಹಾಳಾದ್ದು ನಾನೇ ಸರಿ ಮಾಡ್ಬೇಕು."

ಲಾರೆನ್ಸ್ ಹೌದೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಆದರೆ ಆ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕುವುದನ್ನು ನಿಲ್ಲಿಸಿದರು. ಕಾಫಿ ಬೇಡ. ನೀರೂ ಬೇಡ. ಶನಿವಾರದ ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟುಹೋದರು. ತಿಂದದ್ದೆಲ್ಲ ಎಲ್ಲೋ ಲೆಕ್ಕವಾಗುತ್ತಿದೆ ಎಂಬ ಭಾವ ಅವರಿಗೆ. ಜಾನಕಿ ಅದನ್ನು ಬೇರೆ ರೀತಿ ಓದಿಕೊಂಡರು. "ಕೋಪ ಅವರಿಗೆ ನನ್ನ ಮೇಲೆ. ನನ್ನ ಕೈಯ ಊಟನೇ ಬೇಡವಾಯ್ತು," ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡರು. ಆ ದಿನಗಳಲ್ಲಿ ಲಾರೆನ್ಸ್ ಇಲ್ಲದವರಿಗೆ ಚರ್ಚು ಹಂಚುವ ದಿನಸಿಯಿಂದ ತಂದ ಡಬ್ಬಿಯ ಬೀನ್ಸ್ ತಿನ್ನುತ್ತಿದ್ದರು. ಅದನ್ನೂ ಪರದೆ ಎಳೆದುಕೊಂಡೇ.

ವಿಚಾರಣೆಯ ದಿನ ಬೋಟಿನಲ್ಲಿ ಸಿಗ್ನಲ್ ಸರಿಯಿರದೆಂದು ಜಾನಕಿಯವರ ಊಟದ ಮೇಜಿನ ಮೇಲೆಯೇ ಫೋನ್ ಇಟ್ಟು ಸ್ಪೀಕರ್ ಹಾಕಿದರು. ನಿಯಮ ಓದಿದವಳೆಂದು ನನ್ನನ್ನೂ ಕೂರಿಸಿಕೊಂಡಿದ್ದರು. ಮಾತಾಡುವ ಹಕ್ಕು ನನಗಿರಲಿಲ್ಲ. ಬದರಿನಾಥರು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪೂರ್ತಿ ಹಾಕಲಿಲ್ಲ.

ಪ್ರಮಾಣ ಮಾಡುವಾಗ, ಫೋನಿನಲ್ಲೇ ಆದರೂ ಜಾನಕಿ ಎದ್ದು ನಿಂತು ಕೈ ಎತ್ತಿದರು. ಲಾರೆನ್ಸ್ ಬಲಗೈ ಎತ್ತಿದರು, ಏಳುವ ಕೈ ಅದೊಂದೇ.

ಕಚೇರಿಯ ಪರವಾಗಿ ಒಬ್ಬ ಮಹಿಳೆ ತಮ್ಮ ಕಡೆಯ ಮಾತನ್ನು ಓದಿ ಹೇಳಿದರು. ಆಮೇಲೆ ನ್ಯಾಯಾಧೀಶೆ ಜಾನಕಿಯವರನ್ನು ಇಂಗ್ಲಿಷಿನಲ್ಲಿ ಕೇಳಿದರು: "ಮಿಸ್ಟರ್ ಕ್ರಾಸ್ತಾ ನಿಮ್ಮ ಮನೆಯಲ್ಲಿ ವಾಸವಾಗಿದ್ದಾರೆಯೇ?"

ಜಾನಕಿ ಲಾರೆನ್ಸರ ಮುಖ ನೋಡಿದರು. "ಹೌದು ಮೇಡಂ, ನಮ್ಮಲ್ಲಿ ಒಂದು ಚಿಕ್ಕ ರೂ..."

"ಬೇಡ ಜಾನಕಿಯಕ್ಕ!" ಲಾರೆನ್ಸರ ಕೈ ಮೇಜಿಗೆ ಬಡಿಯಿತು. "ಸುಳ್ಳು ಬೇಡ. ನಿಮ್ಮ ಯಜಮಾನ್ರ ಪೇಪರು ಹಾಳಾಗ್ತದೆ."

ನ್ಯಾಯಾಧೀಶೆಯ ದನಿ ಬದಲಾಯಿತು. "ಯಾರು ಮಾತಾಡಿದ್ದು? ಯಾವ ಭಾಷೆ ಅದು? ಸಾಕ್ಷಿಗೆ ಉತ್ತರ ಹೇಳಿಕೊಡುತ್ತಿದ್ದೀರಾ?"

"ನಾನು ಕ್ರಾಸ್ತಾ, ಮೇಡಂ. ಕನ್ನಡದಲ್ಲಿ ಮಾತಾಡಿದೆ. ಸುಳ್ಳು ಹೇಳಬೇಡಿ ಅಂದೆ."

"ಅವರು ಸುಳ್ಳು ಹೇಳುತ್ತಿದ್ದರೇ?"

"ಹೇಳಲಿಕ್ಕೆ ಹೊರಟಿದ್ದರು. ನನಗೋಸ್ಕರ. ನಾನು ಈ ಮನೆಯಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ನನ್ನ ಬೋಟಿನಲ್ಲಿ ಮಲಗುತ್ತೇನೆ. ನನ್ನ ಮನೆ ಅದೇ."

ಆಮೇಲೆ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಬೋಟು ಎಲ್ಲಿ ಕಟ್ಟಿದೆ? ಹೇಳಿದರು. ಅಲ್ಲಿ ವಾಸಿಸಲು ಅನುಮತಿ ಇದೆಯೇ? ಇಲ್ಲ. ಹಾಗಿದ್ದರೆ ಅರ್ಜಿಯಲ್ಲಿ ಬರೆದ ವಿಳಾಸ ತಪ್ಪೆಂದು ಗೊತ್ತಿತ್ತೇ ಎಂದು ಕಚೇರಿಯ ಮಹಿಳೆ ಕೇಳಿದರು.

"ಗೊತ್ತಿತ್ತು. ಕಾಗದ ಬರುವ ಜಾಗ ಅದು. ಆದರೆ ನೀವು ಕೇಳಿದ್ದು ವಾಸದ ಜಾಗ ಎಂದು ನನಗೆ ಓದಲಿಕ್ಕೆ ಬರುತ್ತದೆ. ಬೋಟು ಕಟ್ಟುವ ದಕ್ಕೆಯಿಂದ ಓಡಿಸುತ್ತಾರೆ ಅಂತ ಹೆದರಿ ಬರೆದೆ."

"ನಿಮ್ಮ ಅಡಿಗೆ ಯಾರು ಮಾಡುತ್ತಾರೆ?"

"ನಾನೇ. ಒಂದು ಸಣ್ಣ ಸ್ಟೋವ್ ಉಂಟು. ಈ ಅಕ್ಕ ಶನಿವಾರ ಒಂದು ಡಬ್ಬಿ ಕೊಡುತ್ತಿದ್ದರು. ಈಗ ಅದನ್ನೂ ಬಿಟ್ಟಿದ್ದೇನೆ, ನೀವು ಲೆಕ್ಕಕ್ಕೆ ಹಿಡಿಯುತ್ತೀರಿ ಅಂತ."

"ಕೊಟ್ಟ ಒಂದು ಡಬ್ಬಿ ಊಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಿಸ್ಟರ್ ಕ್ರಾಸ್ತಾ," ಎಂದ ನ್ಯಾಯಾಧೀಶೆ ಮಾತನ್ನು ಜಾನಕಿಯವರತ್ತ ತಿರುಗಿಸಿದರು. "ಮೇಡಂ, ನೀವು ಪ್ರಮಾಣ ಮಾಡಿದ್ದೀರಿ. ಇನ್ನೊಮ್ಮೆ ಕೇಳುತ್ತೇನೆ. ನಿಮ್ಮ ಕುಟುಂಬವೂ ಇವರೂ ಒಟ್ಟಿಗೆ ದಿನಸಿ ಕೊಂಡು, ಒಟ್ಟಿಗೆ ಅಡಿಗೆ ಮಾಡಿಕೊಳ್ಳುತ್ತೀರಾ?"

"ಅವರು ನಮಗೆ ಅಣ್ಣನ ಹಾಗೆ..."

"ಹೌದು ಅಥವಾ ಇಲ್ಲ."

ಜಾನಕಿ ಸೆರಗಿಲ್ಲದ ಹೆಗಲ ಮೇಲೆ ಸೆರಗು ಹುಡುಕಿದಂತೆ ಕೈ ಆಡಿಸಿದರು. ಅವರು ಬೆಳೆದ ಮನೆಯಲ್ಲಿ ಒಲೆ ಬೇರೆಯಾಯಿತೆಂದರೆ ಅಣ್ಣತಮ್ಮಂದಿರು ಜಗಳವಾಡಿ ಮುಖ ತಿರುಗಿಸಿದರೆಂದೇ ಅರ್ಥ. ಎದುರಿಗೆ ಕೂತ ಮನುಷ್ಯನ ಬಗ್ಗೆ ಅಂಥ ಮಾತನ್ನು ಅವರ ಬಾಯಿ ಎಂದೂ ಆಡಿರಲಿಲ್ಲ.

"ಇಲ್ಲ," ಅಂದರು ಕೊನೆಗೆ. "ಅವರ ಒಲೆ ಬೇರೆ. ಅವತ್ತು ಫೋನಲ್ಲಿ ನಾನು ಹೇಳಿದ್ದು ನಿಜ ಅಲ್ಲ. ಅವರು ನಮ್ಮ ಮನೆಯವರಲ್ಲ." ಅದರ ಹಿಂದೆಯೇ ಕನ್ನಡದಲ್ಲಿ, "ತಪ್ಪು ತಿಳ್ಕೋಬೇಡಿ ಲಾರೆನ್ಸ್ ಅವ್ರೇ."

"ಈಗ ಏನಂದಿರಿ?" ಅಂತು ಫೋನು.

"ಕ್ಷಮೆ ಕೇಳಿದ್ರು ಮೇಡಂ," ಅಂದರು ಲಾರೆನ್ಸ್.

ತೀರ್ಪು ಅಂಚೆಯಲ್ಲಿ ಬರುತ್ತದೆಂದು ಹೇಳಿ ಫೋನ್ ಇಟ್ಟರು. ಇಂಥ ವಿಚಾರಣೆಯ ಮಾತು ಗುಟ್ಟಾಗಿರುತ್ತದೆ, ಮರೀನಾದವರಿಗೆ ಯಾರೂ ತಿಳಿಸುವುದಿಲ್ಲ ಎಂದು ನಾನು ಲಾರೆನ್ಸರಿಗೆ ಹೇಳಿದೆ. ಎರಡು ಸಲ ಹೇಳಿದೆ.

"ನಿಮಗೆ ಹೇಗೆ ಗೊತ್ತು?"

"ಓದಿದೀನಿ."

"ಬರೆದದ್ದನ್ನು ಓದಿದ್ದೀರಿ. ಆ ಫೋನಿನ ಮೇಲೆ ಎಷ್ಟು ಕಿವಿ ಇತ್ತು, ಓದಿದ್ದೀರಾ?"

ಅದೇ ಮಧ್ಯಾಹ್ನ ಅವರು ಮರೀನಾದ ಕಚೇರಿಗೆ ಹೋಗಿ, ನಾನು ಇಲ್ಲೇ ಮಲಗುತ್ತೇನೆ ಎಂದು ಮ್ಯಾನೇಜರಿಗೆ ತಾವಾಗಿಯೇ ಹೇಳಿಬಿಟ್ಟರು. ಯಾರೋ ಹೇಳಿಕೊಡುವ ಮೊದಲು ತಾನೇ ಹೇಳಬೇಕೆಂಬ ಹಟವೋ, ಒಮ್ಮೆ ಪ್ರಮಾಣ ಮಾಡಿ ಹೇಳಿದ ಮೇಲೆ ಇನ್ನೊಂದು ಕಡೆ ಬಚ್ಚಿಡಲು ಮನಸ್ಸು ಬರಲಿಲ್ಲವೋ, ನನಗೆ ತಿಳಿಯದು. ಅವರನ್ನು ಕೇಳಿದರೆ, "ಎರಡು ಕಡೆ ಎರಡು ಮಾತು ನೆನಪಿಟ್ಟುಕೊಳ್ಳುವ ವಯಸ್ಸಾ ನನ್ನದು?" ಎಂದರು.

ಮ್ಯಾನೇಜರಿಗೆ ಸಿಟ್ಟೇ ಬಂತಂತೆ. "ಈ ಹಲಗೆಯ ಮೇಲೆ ಅರ್ಧ ಜನ ಮಲಗುತ್ತಾರೆಂದು ನನಗೆ ಗೊತ್ತಿಲ್ಲವೇ? ನೀನು ಬಾಯಿಬಿಟ್ಟು ಹೇಳಿದ ಮೇಲೆ ನಾನು ಕೇಳಿಸಿಕೊಂಡಂತಾಯಿತಲ್ಲ," ಎಂದು, ಆ ತಿಂಗಳ ಕೊನೆಯೊಳಗೆ ಜಾಗ ಬಿಡುವಂತೆ ನೋಟಿಸು ಕೊಟ್ಟಳು. ಲಾರೆನ್ಸ್ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದರು. ಮೂರು ಮರೀನಾಗಳಲ್ಲಿ ಜಾಗವಿಲ್ಲವೆಂದರು. ಇನ್ನೊಂದರಲ್ಲಿ ಬೋಟು ಹಳೆಯದೆಂದರು. ನೋಟಿಸಿನ ಗಡುವು ಮುಗಿಯುವ ವಾರ, ಹಡಗಿನಲ್ಲಿ ಜೊತೆಗೆ ದುಡಿದ ಒಬ್ಬರು ಸಿಯಾಟಲ್‌ನ ಬ್ಯಾಲರ್ಡ್ ಕಡೆಯ ಕಾಲುವೆಯಲ್ಲಿ ಕೆಲಸದ ದೋಣಿಗಳು ನಿಲ್ಲುವ ದಕ್ಕೆಯೊಂದರಲ್ಲಿ ಮಾತಾಡಿ ಜಾಗ ಕೊಡಿಸಿದರು. ಅಲ್ಲಿ ಬದುಕಲು ಅನುಮತಿ ಇದೆ. ಮರಗಳಿಲ್ಲ, ಹಕ್ಕಿ ನೋಡುವ ಮುದುಕನಿಲ್ಲ. ಹಗಲಿಡೀ ವೆಲ್ಡಿಂಗಿನ ಸದ್ದು, ಡೀಸೆಲ್ ವಾಸನೆ.

ತೀರ್ಪು ಬಂದದ್ದು ಅವರು ಜಾಗ ಬಿಟ್ಟ ಮೇಲೆ. ಲಾರೆನ್ಸ್ ಕ್ರಾಸ್ತಾ ಒಬ್ಬರೇ ಒಂದು ಕುಟುಂಬ. ಇನ್ನು ಮುಂದೆ ನಿಜವಾದ ವಿಳಾಸ ಕೊಡಬೇಕು. ತಪ್ಪು ವಿಳಾಸದಿಂದ ಅವರಿಗೆ ಒಂದು ಕಾಳೂ ಹೆಚ್ಚು ಸಿಕ್ಕಿಲ್ಲವಾದ್ದರಿಂದ ದಂಡವಿಲ್ಲ. ಕಾರ್ಡು ಮತ್ತೆ ತುಂಬಿತು. ನಾನು ಮುಂದಿನ ಸಲ ನೀರು ಹಿಡಿಯಲು ಹೋದಾಗ ಹಳೆಯ ಜಾಗದಲ್ಲಿ ಬೇರೊಂದು ಬೋಟು ನಿಂತಿತ್ತು, ಹೊಸದು.

ಒಂದು ಭಾನುವಾರ ಜಾನಕಿ ನನ್ನ ಬಾಗಿಲು ತಟ್ಟಿದರು. "ನೋಡು, ಇಷ್ಟು ವರ್ಷ ಅಣ್ಣ ಅಣ್ಣ ಅಂದೆ. ಅವರ ಮನೆ ಹೇಗಿದೆ ಅಂತ ಒಂದು ದಿನ ನೋಡಿಲ್ಲ. ಬಾ." ಬದರಿನಾಥರೇ ಕಾರು ಓಡಿಸಿದರು. ಪಾರ್ಕಿಂಗ್ ಬೋರ್ಡನ್ನು ಎರಡು ಸಲ ಓದಿದರು. ಬೋಟಿನ ಹತ್ತಿರ ಬಂದ ಕೂಡಲೇ ಯಾರೂ ಹೇಳದೆ ಶೂ ಬಿಚ್ಚಿ ಒದ್ದೆ ಹಲಗೆಯ ಮೇಲೆ ಸಾಕ್ಸಿನಲ್ಲಿ ನಿಂತರು.

ಲಾರೆನ್ಸ್ ನಮ್ಮನ್ನು ಇಕ್ಕಟ್ಟಿನಲ್ಲಿ ಕೂರಿಸಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಗಸಿ, ಮಾವಿನಮಿಡಿ ಉಪ್ಪಿನಕಾಯಿ ಬಡಿಸಿದರು. "ಮೀನು ಮುಟ್ಟಿಸ್ಲಿಲ್ಲ ಈ ಪಾತ್ರೆಗೆ, ಹೊಸತು. ಅಕ್ಕ, ಧೈರ್ಯದಲ್ಲಿ ಉಣ್ಣಿ." ಜಾನಕಿ ಎರಡನೆಯ ಸಲವೂ ಬಡಿಸಿಕೊಂಡರು. ಬದರಿನಾಥರು ಗಸಿಗೆ ಏನೇನು ಹಾಕಿದ್ದೀರಿ ಎಂದು ವಿಚಾರಿಸಿದರು. ಉತ್ತರ ಕೊಡುವ ಮೊದಲು ಲಾರೆನ್ಸ್, "ಯಾಕೆ?" ಅಂದರು.

ಅಷ್ಟರಲ್ಲಿ ಹೊರಗೆ ಬೂಟಿನ ಸದ್ದಾಯಿತು. ದಕ್ಕೆ ನೋಡಿಕೊಳ್ಳುವವನು ಬಗ್ಗಿ ಒಳಗೆ ಇಣುಕಿ, ತಲೆಗಳನ್ನು ಎಣಿಸಿ, ಇವರೆಲ್ಲ ಯಾರು, ಇಲ್ಲೇ ಇರುವವರೋ ಎಂದು ಇಂಗ್ಲಿಷಿನಲ್ಲಿ ಕೇಳಿದ. ಲಾರೆನ್ಸರ ಕೈಯಲ್ಲಿದ್ದ ಸೌಟು ನಿಂತಿತು.

"ನೋ ನೋ," ಎಂದು ಬದರಿನಾಥರು ಮುಖವರಳಿಸಿ ಎದ್ದು, ತಲೆಯನ್ನು ಬೋಟಿನ ತಗ್ಗು ಮಾಡಿಗೆ ಬಡಿದುಕೊಂಡು, ಆದರೂ ಬಿಡದೆ ಶುರುಮಾಡಿದರು, "ವಿ ಆರ್ ಹಿಸ್ ಫ್ಯಾ..."

"ರೀ!" ಅಂದರು ಜಾನಕಿ, ಅವರ ಅಂಗಿ ಹಿಡಿದು ಕೆಳಗೆ ಕೂರಿಸುತ್ತಾ. "ಸುಮ್ನೆ ಗಂಜಿ ಕುಡೀರಿ ನೀವು."